ಮೆಷಿನ್ ನಿಂತಿದೆಯಾ, ಡಬ್ಬಿ ನಿಂತಿದೆಯಾ?

ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಸಿಎನ್‌ಸಿ ಲೇತ್‌ಗಳು (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರಗಳು), ಲೋಹ ಗಟ್ಟಿ ಮಾಡುವ ಒಂದು ಹಾರ್ಡನಿಂಗ್ ಫರ್ನೇಸ್, ಗಾಳಿ ಒತ್ತಿ ತುಂಬುವ ಎರಡು ಸ್ಕ್ರೂ ಕಂಪ್ರೆಸರ್, ಒಂದು ಕೂಲಿಂಗ್ ಟವರ್, ಒಂದು ಡೀಸೆಲ್ ಜನರೇಟರ್. ಇಷ್ಟೇ ನಮ್ಮ ಸಂಸಾರ. ಮೂರು ಶಿಫ್ಟ್ ಓಡುತ್ತದೆ, ಆದರೆ ರಾತ್ರಿ ಪಾಳಿಯಲ್ಲಿ ಮೆಂಟೆನೆನ್ಸ್‌ಗೆ ಅಂತ ಬೇರೆ ಜನ ಇಲ್ಲ. ಏನಾದರೂ ಕೈಕೊಟ್ಟರೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಅದಕ್ಕೇ ಮೆಷಿನ್‌ಗಳ ಸ್ಥಿತಿ ಮನೆಯಲ್ಲಿ ಕೂತು ನೋಡುವಂತಾಗಬೇಕು ಅಂತ ಈ ಕೆಲಸಕ್ಕೆ ಕೈ ಹಾಕಿದೆ.

ಪೂರ್ತಿ ರೆಡಿಮೇಡ್ ಸಿಸ್ಟಮ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಬಂದು ಡೆಮೋ ಕೊಡುತ್ತಾರೆ. ಸ್ಪೀಡೋಮೀಟರ್‌ನಂಥ ಮುಳ್ಳು ಆಡುತ್ತದೆ, ಗ್ರಾಫ್ ಓಡುತ್ತದೆ, ನೋಡಲು ಚೆಂದ. ನಮ್ಮ ಕಂಪ್ರೆಸರ್ ರೂಮಿನ ಹಿರಿಯ ಆಪರೇಟರ್ ಅಂಥದ್ದೊಂದು ಡೆಮೋ ನೋಡಿ ಒಂದೇ ಪ್ರಶ್ನೆ ಕೇಳಿದರು: "ಸಾರ್, ಇಲ್ಲಿ ಸೊನ್ನೆ ಅಂತ ಬಂದ್ರೆ ಮೆಷಿನ್ ನಿಂತಿದೆ ಅಂತಲಾ, ನಿಮ್ಮ ಡಬ್ಬಿ ನಿಂತಿದೆ ಅಂತಲಾ?" ಬಂದಿದ್ದವರ ಹತ್ತಿರ ಉತ್ತರ ಇರಲಿಲ್ಲ. ನಾನು ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಒಂದೊಂದೇ ತುಂಡು ಜೋಡಿಸುತ್ತಾ ಹೋದೆ.

ಮೊದಲು ಕೈ ಹಾಕಿದ್ದು ಪ್ಯಾನಲ್‌ಗಳಿಗೆ. ಕಾರ್ಖಾನೆಯಲ್ಲಿ ಹೊಸ ಸೆನ್ಸರ್ ಕೊಳ್ಳುವ ಮುಂಚೆ ಇರುವ ಮೀಟರ್‌ಗಳ ಹಿಂಭಾಗ ನೋಡಿ. ಈಗಿನ ಡಿಜಿಟಲ್ ಎನರ್ಜಿ ಮೀಟರ್ ಬಹುತೇಕ ಆರ್‌ಎಸ್-485 ಅನ್ನುವ, ಎರಡು ತಂತಿಯಲ್ಲಿ ಅಂಕಿ ಕಳಿಸುವ ಪೋರ್ಟ್ ಇಟ್ಟುಕೊಂಡೇ ಬರುತ್ತವೆ. ಪ್ಯಾನಲ್ ಕಟ್ಟಿದವರು ಅದಕ್ಕೆ ವೈರೇ ಹಾಕಿರುವುದಿಲ್ಲ. ನಮ್ಮಲ್ಲೂ ಹಾಗೇ ಇತ್ತು. ಕಂಪ್ರೆಸರ್ ಕಂಟ್ರೋಲರ್, ಫರ್ನೇಸ್‌ನ ಟೆಂಪರೇಚರ್ ಕಂಟ್ರೋಲರ್, ಜನರೇಟರ್ ಕಂಟ್ರೋಲರ್ ಎಲ್ಲದರಲ್ಲೂ ಆ ಎರಡು ಟರ್ಮಿನಲ್ ಸುಮ್ನೆ ಕೂತಿದ್ದವು. ಇವೆಲ್ಲ ಮಾತಾಡುವುದು ಮಾಡ್‌ಬಸ್ ಭಾಷೆ. 1979ರಲ್ಲಿ ಮೋಡಿಕಾನ್ ಕಂಪನಿ ಮಾಡಿದ್ದು, ಇಂದಿಗೂ ಕಾರ್ಖಾನೆಗಳಲ್ಲಿ ಅದರದೇ ಓಡಾಟ.

ವೈರಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಹೆಣೆದ ಜೋಡಿಯ ಶೀಲ್ಡ್ ಕೇಬಲ್ಲನ್ನೇ ಹಾಕಿ. ಒಂದು ಮೀಟರ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ ಅಂತ ಸಾಲಾಗಿ ಎಳೆಯಬೇಕು. ಒಂದೇ ಕಡೆಯಿಂದ ಎಲ್ಲ ದಿಕ್ಕಿಗೂ ಕವಲು ಒಡೆಯಬಾರದು. ಸಾಲಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಶೀಲ್ಡ್‌ಗೆ ಒಂದೇ ತುದಿಯಲ್ಲಿ ಅರ್ತ್. ವಿಎಫ್‌ಡಿಯಿಂದ (ಮೋಟರ್ ವೇಗ ಬದಲಿಸುವ ಡ್ರೈವ್) ಮೋಟರ್‌ಗೆ ಹೋಗುವ ಪವರ್ ಕೇಬಲ್ ಇರುವ ಟ್ರೇಯಲ್ಲಿ ಇದನ್ನು ಮಲಗಿಸಬೇಡಿ. ಮಲಗಿಸಿದರೆ ಮೋಟರ್ ಓಡುವಾಗ ಮಾತ್ರ ರೀಡಿಂಗ್ ತಪ್ಪುತ್ತದೆ, ನಿಂತಾಗ ಎಲ್ಲ ಸರಿ ಇರುತ್ತದೆ. ಹುಡುಕುವವನಿಗೆ ತಲೆ ಕೆಡುತ್ತದೆ. ಸಿಟಿಯ (ದೊಡ್ಡ ಕರೆಂಟನ್ನು ಮೀಟರ್‌ಗೆ ತಕ್ಕಷ್ಟು ಸಣ್ಣದು ಮಾಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ತಂತಿ ಮುಟ್ಟುವ ಕೆಲಸ ಬಂದರೆ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೊತೆಗಿರಲಿ. ಲೈನಿನಲ್ಲಿ ಕರೆಂಟ್ ಹರಿಯುವಾಗ ಸಿಟಿಯ ಸೆಕೆಂಡರಿ, ಅಂದರೆ ಮೀಟರ್ ಕಡೆಯ ತಂತಿ, ಬಿಚ್ಚಿದರೆ ಅಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಏಳಬಹುದು. ಮೊದಲು ಶಾರ್ಟ್ ಮಾಡಿ, ಆಮೇಲೆ ಬಿಚ್ಚಬೇಕು.

ಈಗ ಸೊನ್ನೆಯ ವಿಷಯಕ್ಕೆ ಬರುತ್ತೇನೆ. ಸೊನ್ನೆ ಎಷ್ಟು ಮೋಸ ಮಾಡುತ್ತದೆ ಅಂತ ತಂತಿ ಎಳೆದ ಮೇಲೆಯೇ ಗೊತ್ತಾಗುವುದು.

ಮೀಟರ್ ಒಂದು ವೋಲ್ಟೇಜನ್ನು ಎರಡು ರಿಜಿಸ್ಟರ್‌ಗಳಲ್ಲಿ, ಅಂದರೆ ಅಂಕಿ ಇಡುವ ಖಾನೆಗಳಲ್ಲಿ, ಇಟ್ಟಿರುತ್ತದೆ. ಉದಾಹರಣೆಗೆ 17359 ಮತ್ತು 32768 ಅಂತ ಎರಡು ಸಂಖ್ಯೆ ಬಂದವು ಅಂದುಕೊಳ್ಳಿ. ಅದೇ ಕ್ರಮದಲ್ಲಿ ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಜೋಡಿಸಿದರೆ ಸರಿಯಾಗಿ 415 ವೋಲ್ಟ್. ಹಿಂದುಮುಂದಾಗಿ ಜೋಡಿಸಿದರೆ ಸೊನ್ನೆಗೆ ಅಂಟಿಕೊಂಡಂಥ ಒಂದು ಮೈನಸ್ ಸಂಖ್ಯೆ ಬರುತ್ತದೆ. ಸ್ಕ್ರೀನ್ ಮೇಲೆ ಅದು ಕಾಣುವುದು 0.00 ಅಂತ. ಪ್ಯಾನಲ್ ಮೇಲೆ ಮೂರೂ ಲ್ಯಾಂಪ್ ಉರಿಯುತ್ತಿದೆ, ಡ್ಯಾಶ್‌ಬೋರ್ಡ್ ಮಾತ್ರ ಕರೆಂಟೇ ಇಲ್ಲ ಅನ್ನುತ್ತದೆ! ಯಾವ ಕ್ರಮ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ರಿಜಿಸ್ಟರ್ ನಂಬರ್ ಕೂಡ ಕೆಲವರು ಸೊನ್ನೆಯಿಂದ ಎಣಿಸುತ್ತಾರೆ, ಕೆಲವರು ಒಂದರಿಂದ. ಹಾಗಾಗಿ ಒಂದೊಂದು ಮೀಟರ್ ಎದುರಿಗೂ ಲ್ಯಾಪ್‌ಟಾಪ್ ಹಿಡಿದು ನಿಂತು, ಮೀಟರ್ ಮುಖದ ಮೇಲಿರುವ ಅಂಕಿಯೂ ಸ್ಕ್ರೀನ್ ಮೇಲಿನ ಅಂಕಿಯೂ ತಾಳೆಯಾದ ಮೇಲೆಯೇ ಮುಂದಿನದಕ್ಕೆ ಹೋದೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಗಾಳಿಯ ಪ್ರೆಶರ್ ಅಳೆದು ಸಿಗ್ನಲ್ ಕಳಿಸುವ ಹೊಸ ಟ್ರಾನ್ಸ್‌ಮಿಟರ್ ಬೇಕಿತ್ತು. ಅಂಗಡಿಯಲ್ಲಿ 0-10 ವೋಲ್ಟ್ ಕೊಡುವುದೂ ಇದೆ, 4-20 ಮಿಲಿಆಂಪ್ ಕೊಡುವುದೂ ಇದೆ. ನಾನು ಎರಡನೆಯದನ್ನೇ ತಂದೆ. 0ಯಿಂದ 10 ಬಾರ್‌ವರೆಗಿನ ಟ್ರಾನ್ಸ್‌ಮಿಟರ್‌ನಲ್ಲಿ ಪ್ರೆಶರ್ ಪೂರ್ತಿ ಇಳಿದರೂ 4 ಮಿಲಿಆಂಪ್ ಹರಿಯುತ್ತಲೇ ಇರುತ್ತದೆ. 7 ಬಾರ್ ಇದ್ದಾಗ 15.2. ತಂತಿ ತುಂಡಾದರೆ ಮಾತ್ರ ಸೊನ್ನೆ. ಅಂದರೆ 3.6ಕ್ಕಿಂತ ಕೆಳಗೆ ಹೋದರೆ ಗಾಳಿಯ ತೊಂದರೆ ಅಲ್ಲ, ತಂತಿಯದೋ ಸೆನ್ಸರ್‌ನದೋ ತೊಂದರೆ ಅಂತ ತಕ್ಷಣ ತಿಳಿಯುತ್ತದೆ. ವೋಲ್ಟ್ ಕೊಡುವುದರಲ್ಲಿ ತಂತಿ ಕಿತ್ತರೂ ಸೊನ್ನೆ, ಗಾಳಿ ಇಲ್ಲದಿದ್ದರೂ ಸೊನ್ನೆ. ಹಳಬರು ಎಷ್ಟು ಯೋಚನೆ ಮಾಡಿ ಇಟ್ಟಿದ್ದಾರೆ ಅಲ್ವಾ? ಫರ್ನೇಸ್‌ನ ಶಾಖ ಅಳೆಯುವ ಥರ್ಮೋಕಪಲ್‌ನಲ್ಲೂ ಇದೇ ಜಾಣತನ ಇದೆ. ಅದು ತುಂಡಾದರೆ ಕಂಟ್ರೋಲರ್ ಬೇಕಂತಲೇ ತಾಪಮಾನ ಮೇಲಕ್ಕೆ ಹೋದಂತೆ ತೋರಿಸುವ ಹಾಗೆ ಸೆಟ್ ಮಾಡಬಹುದು. ಆಗ ಹೀಟರ್ ತಾನಾಗಿ ಆಫ್ ಆಗುತ್ತದೆ. ತಂತಿ ಹೋಗಿ ಸೊನ್ನೆ ತೋರಿಸುತ್ತಿದ್ದರೆ ಹೀಟರ್ ಇನ್ನೂ ಕಾಯಿಸುತ್ತಲೇ ಇರುತ್ತಿತ್ತು.

ಎಲ್ಲ ತಂತಿಗಳೂ ಬಂದು ಸೇರುವುದು, ರೀಡಿಂಗ್ ಕೂಡಿಸಿ ಇಂಟರ್ನೆಟ್‌ಗೆ ಕಳಿಸುವ ಒಂದು ಗೇಟ್‌ವೇಗೆ. ಆಪರೇಟರ್ ಬಾಯಲ್ಲಿ ಅದೇ 'ಡಬ್ಬಿ'. ಮೆಮೊರಿ ಕಾರ್ಡ್ ಮೇಲೆ ಓಡುವ ಸಣ್ಣ ಬೋರ್ಡ್‌ಗಳು ಅಗ್ಗಕ್ಕೆ ಸಿಗುತ್ತವೆ. ಆದರೆ ದಿಢೀರ್ ಅಂತ ಕರೆಂಟ್ ಹೋಗುವ ಕಡೆ ಆ ಕಾರ್ಡ್‌ಗೆ ಆಯಸ್ಸು ಕಡಿಮೆ. ಅದಕ್ಕೆ ಒಳಗೇ ಮೆಮೊರಿ ಇರುವ, ಪ್ಯಾನಲ್ ಒಳಗಿನ ಡಿನ್ ರೈಲ್ ಪಟ್ಟಿಯ ಮೇಲೆ ಕೂರುವ ಲಿನಕ್ಸ್ ಗೇಟ್‌ವೇ ತೆಗೆದುಕೊಂಡೆ. 24 ವೋಲ್ಟ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ), ಜೊತೆಗೊಂದು ಚಿಕ್ಕ ಬ್ಯಾಟರಿ ಬ್ಯಾಕಪ್. ಈ ಬ್ಯಾಟರಿ ಬಿಡಬೇಡಿ. ಕರೆಂಟ್ ಹೋದ ಕ್ಷಣದಲ್ಲೇ ಡಬ್ಬಿಯೂ ಸತ್ತರೆ ಕರೆಂಟ್ ಹೋಯಿತು ಅಂತ ಹೇಳುವವರು ಯಾರು?

ಗೇಟ್‌ವೇ ಒಳಗೆ ನೋಡ್-ರೆಡ್ ಅನ್ನುವ ಸಾಫ್ಟ್‌ವೇರ್ ಓಡುತ್ತದೆ. ಹತ್ತು ಸೆಕೆಂಡಿಗೊಮ್ಮೆ ಎಲ್ಲ ಮೀಟರ್‌ಗಳನ್ನೂ ಕೇಳುತ್ತದೆ. ಅಲ್ಲಿಗೆ ಒಂದು ರೀಡಿಂಗ್‌ಗೆ ದಿನಕ್ಕೆ 8,640 ಅಂಕಿ. ಮೆಂಟೆನೆನ್ಸ್‌ಗೆ ಇಷ್ಟು ಧಾರಾಳ. ಮೀಟರ್ ಉತ್ತರ ಕೊಡದಿದ್ದರೆ ಹಳೆಯ ಅಂಕಿಯನ್ನೇ ಮತ್ತೆ ಕಳಿಸಬಾರದು, ಸೊನ್ನೆಯನ್ನೂ ಕಳಿಸಬಾರದು. 'ಉತ್ತರ ಇಲ್ಲ' ಅಂತಲೇ ಪ್ರತ್ಯೇಕವಾಗಿ ಹೋಗಬೇಕು. ಇದಕ್ಕೆ ಒಂದು ಗೆರೆಯಷ್ಟು ಕೋಡ್ ಸಾಕು, ಆದರೆ ತುಂಬಾ ಕಡೆ ಅದೇ ಇರುವುದಿಲ್ಲ.

ಗೇಟ್‌ವೇಯಿಂದ ಕ್ಲೌಡ್‌ಗೆ ಹೋಗುವುದು 4ಜಿ ಸಿಮ್ ಮೂಲಕ, ಎಂಕ್ಯೂಟಿಟಿ ಅನ್ನುವ ಸಂದೇಶದ ಭಾಷೆಯಲ್ಲಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ಮಾಡಿದ್ದು ತೈಲದ ಪೈಪ್‌ಲೈನ್‌ಗಳನ್ನು ಸ್ಯಾಟಲೈಟ್ ಮೂಲಕ ಗಮನಿಸುವುದಕ್ಕೆ. ಅಂಥ ಲಿಂಕ್ ಕಡಿದು ಹೋಗುವುದು ಮಾಮೂಲು, ಆದ್ದರಿಂದ 'ಲಾಸ್ಟ್ ವಿಲ್' ಅನ್ನುವುದೊಂದನ್ನು ಅದರಲ್ಲೇ ಸೇರಿಸಿದ್ದಾರೆ. ಉಯಿಲು ಬರೆದಿಟ್ಟ ಹಾಗೆ. ಡಬ್ಬಿ ಸಂಪರ್ಕಕ್ಕೆ ಬರುವಾಗಲೇ 'ನಾನು ಹೇಳದೆ ಕೇಳದೆ ಕಾಣೆಯಾದರೆ ಈ ಸುದ್ದಿ ಎಲ್ಲರಿಗೂ ತಿಳಿಸಿ' ಅಂತ ಸುದ್ದಿ ಪಡೆದು ಹಂಚುವ ಬ್ರೋಕರ್ ಸಾಫ್ಟ್‌ವೇರ್ ಕೈಗೆ ಕೊಟ್ಟಿರುತ್ತದೆ. ಕೀಪ್-ಅಲೈವ್, ಅಂದರೆ 'ಇದ್ದೇನೆ' ಅಂತ ಡಬ್ಬಿ ತಿಳಿಸಬೇಕಾದ ಅವಧಿ, 60 ಸೆಕೆಂಡ್ ಇಟ್ಟರೆ, ಅದರ ಒಂದೂವರೆ ಪಟ್ಟು, ಅಂದರೆ 90 ಸೆಕೆಂಡ್ ಏನೂ ಸದ್ದಿಲ್ಲದಿದ್ದಾಗ ಬ್ರೋಕರ್ ಆ ಸುದ್ದಿ ಹೊರಡಿಸುತ್ತದೆ. ಈ ಸ್ಥಿತಿಯ ಸುದ್ದಿಗೆ ಮಾತ್ರ ರಿಟೇನ್ (ಕೊನೆಯ ಸುದ್ದಿಯನ್ನು ಬ್ರೋಕರ್ ಇಟ್ಟುಕೊಂಡು ಹೊಸದಾಗಿ ಬಂದವರಿಗೂ ಕೊಡುವುದು) ಹಾಕಿದ್ದೇನೆ, ರೀಡಿಂಗ್‌ಗಳಿಗೆ ಹಾಕಿಲ್ಲ. ಹಾಕಿದರೆ ಬೆಳಗ್ಗೆ ಆ್ಯಪ್ ತೆರೆದವರಿಗೆ ನಿನ್ನೆ ರಾತ್ರಿಯ ಪ್ರೆಶರ್ ಈಗಿನದು ಅನ್ನುವಂತೆ ಬಂದು ಕೂರುತ್ತದೆ.

ನೆಟ್ ಹೋದಾಗ ರೀಡಿಂಗ್‌ಗಳು ಗೇಟ್‌ವೇಯಲ್ಲೇ ಕೂಡಿಕೊಳ್ಳುತ್ತವೆ, ಬಂದಾಗ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಸಮಯದ ಮುದ್ರೆ ಬೀಳಬೇಕಾದದ್ದು ಗೇಟ್‌ವೇಯಲ್ಲಿ, ಕ್ಲೌಡ್ ಮುಟ್ಟಿದಾಗ ಅಲ್ಲ. ಇನ್ನೊಂದು ವಿಷಯ. ರೀಡಿಂಗ್ ಕೂಡಿಡುವ ಡೇಟಾಬೇಸ್ ಇನ್‌ಫ್ಲಕ್ಸ್‌ಡಿಬಿ ಸಮಯ ಇಟ್ಟುಕೊಳ್ಳುವುದು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ. ದಿನದ ಯೂನಿಟ್ ಲೆಕ್ಕ ಹಾಕು ಅಂದರೆ ಅದರ ದಿನ ಶುರುವಾಗುವುದು ನಮ್ಮ ಬೆಳಗಿನ ಜಾವ 5:30ಕ್ಕೆ. ನಮ್ಮ ಮೊದಲ ಶಿಫ್ಟ್ ಶುರುವಾಗುವುದು 6ಕ್ಕೆ. ಅರ್ಧ ಗಂಟೆಯ ವ್ಯತ್ಯಾಸ ಗ್ರಾಫ್‌ನಲ್ಲಿ ಕಣ್ಣಿಗೇ ಬೀಳುವುದಿಲ್ಲ, ಲಾಗ್‌ಬುಕ್ ಜೊತೆ ಮಾತ್ರ ಯಾವತ್ತೂ ತಾಳೆಯಾಗುವುದಿಲ್ಲ. ಲೆಕ್ಕ ಹಾಕುವ ಕ್ವೆರಿಯಲ್ಲಿ ಶಿಫ್ಟಿನ ಗಂಟೆಯನ್ನೇ ಹಾಕಬೇಕು.

ಕ್ಲೌಡ್ ಅಂದರೆ ದೊಡ್ಡದೇನೂ ಇಲ್ಲ. ಬಾಡಿಗೆಗೆ ತೆಗೆದುಕೊಂಡ ಒಂದು ಸಣ್ಣ ಸರ್ವರ್, ಅದರಲ್ಲಿ ಮಾಸ್ಕಿಟೊ ಬ್ರೋಕರ್, ಇನ್‌ಫ್ಲಕ್ಸ್‌ಡಿಬಿ, ಗ್ರಾಫ್ ತೋರಿಸುವ ಗ್ರಾಫಾನಾ. ಮೂರೂ ಪುಕ್ಕಟೆಯಾಗಿ ಸಿಗುವ ಸಾಫ್ಟ್‌ವೇರ್. ಗ್ರಾಫಾನಾದಲ್ಲಿ ಎರಡು ಕಡೆ ಗಮನ ಕೊಡಿ. ರೀಡಿಂಗ್ ಇಲ್ಲದ ಜಾಗದಲ್ಲಿ ಗೆರೆ ಜೋಡಿಸಬೇಡ ಅಂತ ಸೆಟ್ ಮಾಡಿ, ಗ್ರಾಫ್‌ನಲ್ಲಿ ಖಾಲಿ ಖಾಲಿಯಾಗಿಯೇ ಕಾಣಲಿ. ಅಲರ್ಟ್‌ನಲ್ಲಿ 'ನೋ ಡೇಟಾ' ಆದರೆ ಏನು ಮಾಡಬೇಕು ಅಂತ ಕೇಳುತ್ತದೆ, ಅದಕ್ಕೆ 'ಓಕೆ' ಅಂತ ಕೊಡಬೇಡಿ.

ನಮ್ಮ ಸ್ಕ್ರೀನ್‌ನಲ್ಲಿ ನಾಲ್ಕು ಬಣ್ಣ. ಓಡುತ್ತಿದ್ದರೆ ಹಸಿರು, ನಿಂತಿದ್ದರೆ ಹಳದಿ, ಟ್ರಿಪ್ ಆಗಿದ್ದರೆ (ತೊಂದರೆಯಿಂದ ತಾನಾಗಿ ನಿಂತಿದ್ದರೆ) ಕೆಂಪು, ಗೊತ್ತಿಲ್ಲದಿದ್ದರೆ ಬೂದು. ಓನರ್‌ಗೆ ಬೂದು ಬಣ್ಣ ಮೊದಮೊದಲು ಹಿಡಿಸಲಿಲ್ಲ. "ದುಡ್ಡು ಕೊಟ್ಟು ಹಾಕಿಸಿದ ಮೇಲೂ ಗೊತ್ತಿಲ್ಲ ಅಂದ್ರೆ ಹೆಂಗೆ?" ಅಂದರು. ಆಪರೇಟರ್‌ಗೆ ಮಾತ್ರ ಅದೇ ಇಷ್ಟವಾಯಿತು. ಬೂದು ಬಂದರೆ ಎದ್ದು ಹೋಗಿ ಕಣ್ಣಾರೆ ನೋಡಬೇಕು, ಉಳಿದ ಮೂರಾದರೆ ನಂಬಬಹುದು. ಡ್ಯಾಶ್‌ಬೋರ್ಡ್ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಮೆಸೇಜ್ ಮೊದಲು ಹೋಗುವುದು ಪಾಳಿಯ ಆಪರೇಟರ್‌ಗೆ. ಸ್ವಲ್ಪ ಹೊತ್ತಿನಲ್ಲಿ ಅವರು ನೋಡದಿದ್ದರೆ ನನಗೆ. ಆಮೇಲಷ್ಟೇ ಓನರ್‌ಗೆ. ಈ ಕ್ರಮ ನಾನು ಹಟ ಮಾಡಿ ಇಡಿಸಿದ್ದು. ಮೊದಲೇ ಮೇಲಿನವರಿಗೆ ಹೋದರೆ 'ನಮ್ಮ ಮೇಲೆ ಕಣ್ಣಿಡೋಕೆ ತಂದಿದ್ದು' ಅನ್ನುವ ಮಾತು ಬರುತ್ತದೆ. ಆಮೇಲೆ ಯಾರೋ ಒಬ್ಬರ ಕೈ ತಗುಲಿ ಕನೆಕ್ಟರ್ ಸಡಿಲವಾಗುತ್ತದೆ! ಮೆಸೇಜ್‌ಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ: 'ಒಂದನೇ ಕಂಪ್ರೆಸರ್ ನಿಂತಿದೆ. ಮೀಟರ್ ಸರಿ ಇದೆ, ಡಬ್ಬಿ ಸರಿ ಇದೆ.' ಓದಿದವರಿಗೆ ಎದ್ದು ಹೋಗಬೇಕಾ ಬೇಡವಾ ಅಂತ ಅಷ್ಟರಲ್ಲೇ ತಿಳಿಯುತ್ತದೆ.

ಇದರಿಂದ ಏನು ಸಿಕ್ಕಿತು ಅಂತ ಕೇಳುತ್ತಾರೆ. ಕೈಗೆ ಮೊದಲು ಸಿಕ್ಕಿದ್ದು ಭಾನುವಾರದ ಗ್ರಾಫ್. ಕಂಪ್ರೆಸರ್ ಕರೆಂಟ್‌ನಲ್ಲಿ ಎರಡು ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತವೆ. ಗಾಳಿ ತುಂಬುವಾಗ ಮೇಲಿನದು, ಅನ್‌ಲೋಡ್ ಆದಾಗ, ಅಂದರೆ ಗಾಳಿ ತುಂಬದೆ ಸುಮ್ಮನೆ ಓಡುವಾಗ, ಕೆಳಗಿನದು. ಭಾನುವಾರ ಲೇತ್‌ಗಳೆಲ್ಲ ಬಂದ್. ಫರ್ನೇಸ್‌ನ ಬಾಗಿಲು ಕಂಪ್ರೆಸರ್ ಗಾಳಿಯಿಂದಲೇ ತೆರೆದು ಮುಚ್ಚುವುದರಿಂದ ಕಂಪ್ರೆಸರ್ ಆನ್ ಇರುತ್ತದೆ, ಬಾಗಿಲು ತೆರೆಯುವುದು ಅಪರೂಪ. ಆದರೂ ಗ್ರಾಫ್ ಮೇಲೆ ಕೆಳಗೆ ಹತ್ತಿ ಇಳಿಯುತ್ತಲೇ ಇತ್ತು. ಯಾರೂ ಬಳಸದ ಗಾಳಿ ಎಲ್ಲಿ ಹೋಗುತ್ತಿದೆ? ಸೋರುತ್ತಿದೆ. ಲೆಕ್ಕ ಸುಲಭ. ಒಂದು ನಿಮಿಷ ಲೋಡ್, ಮೂರು ನಿಮಿಷ ಅನ್‌ಲೋಡ್ ಆದರೆ ಕಂಪ್ರೆಸರ್ ಸಾಮರ್ಥ್ಯದ ಕಾಲು ಭಾಗ ಸೋರಿಕೆಗೇ ಹೋಯಿತು ಅಂತ. ಸೋಪಿನ ನೀರು, ಬ್ರಷ್ ಹಿಡಿದು ನಾನೂ ಆಪರೇಟರೂ ಪೈಪ್ ಉದ್ದಕ್ಕೂ ಹೋದೆವು. ಜಾಸ್ತಿ ಸಿಕ್ಕಿದ್ದು ಕ್ವಿಕ್ ಕಪ್ಲಿಂಗ್‌ಗಳಲ್ಲಿ, ಹಳೇ ಏರ್ ಗನ್‌ಗಳಲ್ಲಿ. ಮುಂದಿನ ಭಾನುವಾರ ಗ್ರಾಫ್‌ನ ಹಲ್ಲುಗಳ ನಡುವೆ ಅಂತರ ಹೆಚ್ಚಿತ್ತು.

ಎರಡನೆಯದು ಡಿಸ್ಚಾರ್ಜ್ ಟೆಂಪರೇಚರ್, ಅಂದರೆ ಕಂಪ್ರೆಸರ್‌ನಿಂದ ಹೊರಬರುವ ಗಾಳಿಯ ಶಾಖ. ಒಂದೇ ಲೋಡ್, ಒಂದೇ ಮಧ್ಯಾಹ್ನದ ಹೊತ್ತು, ಆದರೆ ವಾರದಿಂದ ವಾರಕ್ಕೆ ಗೆರೆ ನಿಧಾನವಾಗಿ ಮೇಲೇರುತ್ತಿತ್ತು. ಕೂಲರ್‌ನ ರೆಕ್ಕೆಗಳಲ್ಲಿ ಎಣ್ಣೆ, ಧೂಳು ಸೇರಿ ಕಂಬಳಿಯಾಗಿತ್ತು. ತೊಳೆದು, ಗಾಳಿ ಹೊಡೆದ ಮೇಲೆ ಇಳಿಯಿತು. ರಾತ್ರಿ ಟ್ರಿಪ್ ಆಗಿ ಇಡೀ ಲೈನ್ ನಿಂತ ಮೇಲೆ ತಿಳಿಯುವ ಬದಲು ಹಗಲೇ ತಿಳಿಯಿತು. ಜನರೇಟರ್‌ನದು ನಾನು ನೋಡುವುದು ಬ್ಯಾಟರಿ ವೋಲ್ಟೇಜ್ ಒಂದೇ. ಬೇಕಾದಾಗ ಸ್ಟಾರ್ಟ್ ಆಗದಿರುವುದಕ್ಕೆ ಬಹಳ ಸಲ ಅದೇ ಕಾರಣ.

ಓನರ್ ಒಮ್ಮೆ, "ಮೊಬೈಲ್‌ನಿಂದಲೇ ಕಂಪ್ರೆಸರ್ ಆನ್ ಮಾಡೋ ಹಾಗೆ ಮಾಡಿಬಿಡಪ್ಪ" ಅಂದರು. ಆಗಲ್ಲ ಸಾರ್ ಅಂದೆ. ಬೆಲ್ಟ್ ಹತ್ತಿರ ಯಾರ ಕೈ ಇದೆ ಅಂತ ಮೊಬೈಲ್‌ಗೆ ಕಾಣುವುದಿಲ್ಲ. ಅದೂ ಅಲ್ಲದೆ ಮಾಡ್‌ಬಸ್‌ಗೆ ಪಾಸ್‌ವರ್ಡ್ ಅನ್ನುವುದೇ ಇಲ್ಲ, ತಂತಿಗೆ ಬಂದವರೆಲ್ಲ ಅಪ್ಪಣೆ ಕೊಡಬಹುದು. ನಮ್ಮ ಗೇಟ್‌ವೇಯಲ್ಲಿ ಓದುವ ಫಂಕ್ಷನ್ 3 ಮತ್ತು 4 ಮಾತ್ರ ಇವೆ, ಬರೆಯುವ 5, 6, 16 ಇಲ್ಲ. ಹೊರಗಿನಿಂದ ಒಳಗೆ ಬರುವ ಪೋರ್ಟ್ ಯಾವುದನ್ನೂ ತೆರೆದಿಲ್ಲ. ಡಬ್ಬಿಯೇ ಒಳಗಿನಿಂದ ಹೊರಗೆ 8883ನೇ ಪೋರ್ಟ್‌ಗೆ ಟಿಎಲ್‌ಎಸ್ ಅನ್ನುವ ಗೂಢಲಿಪಿಯಲ್ಲಿ ಹೋಗಿ ಮುಟ್ಟಿಸುತ್ತದೆ. ಸಿಮ್‌ಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪುವ ಇಂಟರ್ನೆಟ್ ವಿಳಾಸ) ಸಿಗುವುದಿಲ್ಲ ಅಂತ ಕೆಲವರು ಗೊಣಗುತ್ತಾರೆ. ಈ ರೀತಿ ಕಟ್ಟಿದರೆ ಅದು ಬೇಕಾಗಿಯೇ ಇಲ್ಲ.

ತಿಂಗಳಿಗೊಮ್ಮೆ ಬೇಕಂತಲೇ ಒಂದೊಂದು ಕೊಂಡಿ ಕಳಚುತ್ತೇವೆ. ಆಂಟೆನಾ ಬಿಚ್ಚಿದರೆ ಯಾವ ಮೆಸೇಜ್ ಬರುತ್ತದೆ, ಒಂದು ಮೀಟರ್‌ನ ಆರ್‌ಎಸ್-485 ಕಿತ್ತರೆ ಯಾವುದು, ಎಸ್‌ಎಂಪಿಎಸ್ ಆಫ್ ಮಾಡಿದರೆ ಯಾವುದು, ಟ್ರಾನ್ಸ್‌ಮಿಟರ್ ತಂತಿ ತೆಗೆದರೆ ಯಾವುದು. ನಾಲ್ಕಕ್ಕೂ ಬೇರೆ ಬೇರೆ ಮೆಸೇಜ್ ಬರಬೇಕು. ಈಗ ಇದನ್ನು ಆಪರೇಟರ್ ಅಣ್ಣನೇ ಮಾಡುತ್ತಾರೆ, ಬ್ಯಾಕಪ್ ಬ್ಯಾಟರಿ ಎಷ್ಟು ಹೊತ್ತು ತಡೆಯಿತು ಅಂತಲೂ ಬರೆದಿಡುತ್ತಾರೆ. ಸಿಮ್ ರಿನ್ಯೂ ಮಾಡುವ ತಾರೀಖು ಡಬ್ಬಿಯ ಬಾಗಿಲ ಮೇಲೇ ಅಂಟಿಸಿದ್ದಾರೆ.

ವೈಬ್ರೇಷನ್ ಸೆನ್ಸರ್ ಹಾಕುವ ಮಾತು ನಡೆಯುತ್ತಿದೆ. 15ರಿಂದ 75 ಕಿಲೋವ್ಯಾಟ್ ಮೋಟರ್‌ಗಳಿಗೆ ಐಎಸ್‌ಒ 10816 ಅನ್ನುವ ಹಳೆಯ ಅಂತರರಾಷ್ಟ್ರೀಯ ಮಾನದಂಡದ ಪಟ್ಟಿಯಲ್ಲಿ ಕಂಪನದ ವೇಗ ಸೆಕೆಂಡಿಗೆ 2.8 ಮಿಲಿಮೀಟರ್ ದಾಟಿದರೆ ಎಚ್ಚರ, 7.1 ದಾಟಿದರೆ ನಿಲ್ಲಿಸು ಅಂತ ಇತ್ತು. ಸದ್ಯಕ್ಕೆ ಎರಡನೇ ಕಂಪ್ರೆಸರ್‌ನ ಮೋಟರ್‌ಗೆ ಮಾತ್ರ ಹಾಕುತ್ತೇವೆ. ಅದರ ಬೇರಿಂಗ್ ಸದ್ದು ಸರಿಯಿಲ್ಲ ಅಂತ ಆಪರೇಟರ್ ಆಗಲೇ ಹೇಳಿದ್ದಾರೆ, ಸೆನ್ಸರ್ ಏನು ಹೇಳುತ್ತದೋ ನೋಡಬೇಕು.