ಮೊಟ್ಟೆ, ಅಕ್ಕಿ, ಉದ್ದು ಇಲ್ಲದ ತಿಂಡಿ: ಕಾವಲಿಯಿಂದ ಕೊನೆಗೂ ಎದ್ದ ಬಾಳೆಕಾಯಿ ದೋಸೆ

ಅಕ್ಕಿ ಇಲ್ಲ, ಉದ್ದು ಇಲ್ಲ, ರವೆ ಇಲ್ಲ, ಮೊಟ್ಟೆಯೂ ಇಲ್ಲ. ಆದರೂ ಅಂಚು ಗರಿಗರಿಯಾಗಿ, ಕಬ್ಬಿಣದ ಕಾವಲಿಯಿಂದ ಹರಿಯದೆ ಏಳುವ ದೋಸೆ. ಇಂಥದ್ದೊಂದು ಮಾಡಿಯೇ ತೀರುತ್ತೇನೆ ಎಂದಾಗ ಓರಗಿತ್ತಿ ನಕ್ಕಿದ್ದಳು. ಅತ್ತೆಯಂತೂ "ಅದರ ಬದಲು ಉಪವಾಸ ಕೂತ್ಕೋ ಮಾರಾಯ್ತಿ, ಪುಣ್ಯವಾದರೂ ಬರ್ತದೆ" ಎಂದಿದ್ದರು. ಈಗ ಅದೇ ಓರಗಿತ್ತಿ ಫೋನ್ ಮಾಡಿ ಅಳತೆ ಕೇಳುತ್ತಾಳೆ. ಕೊಟ್ಟಿದ್ದೇನೆ. ಪೂರ್ತಿ ಕೊಟ್ಟಿಲ್ಲ.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಅದಕ್ಕೆ ನಾನು ಹಿಡಿದದ್ದು ಎಐಪಿ: ಧಾನ್ಯ, ಬೇಳೆ, ಬೀಜ, ಮೊಟ್ಟೆ, ಹಾಲು, ಮೆಣಸಿನ ಕುಲ ಎಲ್ಲ ಬಿಟ್ಟು, ಆಮೇಲೆ ಒಂದೊಂದನ್ನೇ ಮರಳಿ ಸೇರಿಸಿ ನೋಡುವ ಪಥ್ಯ. ಪೂರ್ತಿ ಪಟ್ಟಿಯನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ, ಈ ದಾರಿ ಹಿಡಿದವರಿಗೆ ಅದು ಬಾಯಿಪಾಠ ಆಗಿರುತ್ತದೆ. ಆದರೆ ಆ ಪಟ್ಟಿ ಹುಟ್ಟಿದ್ದು ಅಮೆರಿಕದ ಅಡುಗೆಮನೆಯಲ್ಲಿ. ಅವರಿಗೆ ಮೊಟ್ಟೆ, ಬ್ರೆಡ್ಡು, ಓಟ್ಸ್ ಹೋದರೆ ಬೆಳಗಿನ ತಿಂಡಿಯೇ ಹೋಯಿತು. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಮೊಟ್ಟೆ ಇಲ್ಲದಿದ್ದರೆ ಯಾರೂ ಅಳುವುದಿಲ್ಲ. ನಮಗೆ ಪೆಟ್ಟು ಬೀಳುವುದು ಒಗ್ಗರಣೆಯಲ್ಲಿ. ಸಾಸಿವೆ ಬೀಜ, ಜೀರಿಗೆ ಬೀಜ, ಮೆಂತ್ಯ ಬೀಜ, ಕೊತ್ತಂಬರಿ ಬೀಜ. ಉದ್ದಿನಬೇಳೆ ಧಾನ್ಯದ ಜೊತೆಗೇ ಹೊರಗೆ. ಬ್ಯಾಡಗಿ ಮೆಣಸು ಟೊಮೆಟೊ, ಬದನೆಯ ಕುಲ. ಕೊನೆಗೆ ಉಳಿಯುವುದು ಎಣ್ಣೆ, ಬೆಳ್ಳುಳ್ಳಿ, ಕರಿಬೇವು. ಇಂಗು ಹಾಕಿದರಾಯಿತು ಅನ್ನುವವರು ಡಬ್ಬಿಯ ಹಿಂದೆ ಬರೆದದ್ದನ್ನು ಒಮ್ಮೆ ಓದಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಇಂಗಿನಲ್ಲಿ ಮೈದಾ ಅಥವಾ ಅಕ್ಕಿಹಿಟ್ಟು ಸೇರಿರುತ್ತದೆ. ಕಾಫಿ ಬಿಟ್ಟು ಕಷಾಯ ಕುಡಿಯೋಣ ಎಂದರೆ ಕಷಾಯದ ಹುಡಿ ತುಂಬ ಬೀಜವೇ!

ಡಾಕ್ಟರಿಗೆ ಹೇಳಿದಾಗ ಅವರು ಬೈಯಲಿಲ್ಲ. "ಪಥ್ಯ ಮಾಡಿ, ಮಾತ್ರೆ ಮಾತ್ರ ಬಿಡಬೇಡಿ" ಎಂದರು. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಈಗಲೂ ನಡೆದಿದೆ, ಡೋಸ್ ಇಳಿದಿದೆ. ಈ ಪಥ್ಯದ ಮೇಲೆ ಆಗಿರುವ ಅಧ್ಯಯನಗಳು ಚಿಕ್ಕವು: 2017ರಲ್ಲಿ ಕರುಳಿನ ಕಾಯಿಲೆಯ 15 ಜನರ ಮೇಲೆ ಒಂದು, 2019ರಲ್ಲಿ ಹಾಶಿಮೊಟೊ ಎಂಬ ಥೈರಾಯ್ಡ್ ಕಾಯಿಲೆ ಇರುವ 17 ಹೆಂಗಸರ ಮೇಲೆ 10 ವಾರದ್ದೊಂದು. ಎರಡನೆಯದರಲ್ಲಿ ಅವರಿಗೆ ಮೈಹಗುರ ಆಯಿತು, ಥೈರಾಯ್ಡ್ ಸಂಖ್ಯೆಗಳು ಮಾತ್ರ ಇದ್ದಲ್ಲೇ ಇದ್ದವು. ಹಾಗಾಗಿ ಪವಾಡದ ಮಾತು ಬೇಡ. ನನ್ನ ಅಳತೆಗೋಲು ತುರಿಮಣೆ. ಮೊದಲು ಒಂಬತ್ತು ಗಂಟೆಯ ತನಕ ಬೆರಳು ಮಡಚುತ್ತಿರಲಿಲ್ಲ, ಅರ್ಧ ಕಡಿ ತೆಂಗಿನಕಾಯಿ ಹಿಡಿದರೆ ಜಾರಿ ಬೀಳುತ್ತಿತ್ತು. ಈಗ ಏಳಕ್ಕೆ ಮುಂಚೆ ಒಂದಿಡೀ ಕಾಯಿ ತುರಿದು ಮುಗಿಯುತ್ತದೆ. ಉರಿಯೂತ ಅಳೆಯುವ ರಕ್ತಪರೀಕ್ಷೆಯಲ್ಲಿ ಮೂವತ್ತರ ಹತ್ತಿರ ಇದ್ದ ಸಿಆರ್‌ಪಿ ಏಳೆಂಟಕ್ಕೆ ಬಂದಿದೆ. ಮಾತ್ರೆಯಿಂದಲೋ ತಿಂಡಿಯಿಂದಲೋ ಎಂದು ನಾನು ಜಗಳಕ್ಕೆ ಹೋಗುವುದಿಲ್ಲ.

ಹಣದ ವಿಷಯಕ್ಕೆ ಬರೋಣ. ಮೊದಲ ತಿಂಗಳು ದುಡ್ಡು ಹೋದದ್ದು ಆನ್‌ಲೈನ್ ಪ್ಯಾಕೆಟ್ಟುಗಳಿಗೆ. ವಿದೇಶಿ ಮರಗೆಣಸಿನ ಹಿಟ್ಟು, ತೆಂಗಿನ ಹಿಟ್ಟು, ಟೈಗರ್ ನಟ್ ಅನ್ನುವ ಮತ್ತೇನೋ ಒಂದು. ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ತೆಂಗಿನ ಹಿಟ್ಟಿನ ದೋಸೆ ಹುಯ್ದರೆ ಕಾವಲಿಯ ಮೇಲೆ ಒದ್ದೆ ಮರಳಿನ ಹಾಗೆ ಕೂತಿತು, ಸಟ್ಟುಗ ತಾಗಿದ ಕೂಡಲೇ ಚೂರು. ಆ ಹಿಟ್ಟು ಎಷ್ಟು ನೀರು ಹಾಕಿದರೂ ಕುಡಿಯುತ್ತದೆ, ಹಿಡಿದಿಡುವ ಗುಣ ಮಾತ್ರ ಇಲ್ಲ. ಅಮೆರಿಕದವರು ಅದಕ್ಕೆ ನಾಲ್ಕು ಮೊಟ್ಟೆ ಒಡೆದು ಹಾಕುತ್ತಾರೆ, ಅದಕ್ಕೇ ಅವರದ್ದು ನಿಲ್ಲುತ್ತದೆ. ನಮ್ಮ ಮನೆಯವರು ಆ ಪುಡಿಯನ್ನು ಉಪ್ಪಿಟ್ಟು ಎಂದುಕೊಂಡು ತಿಂದರು, ಪಾಪ.

ಅದಕ್ಕಿಂತ ದೊಡ್ಡ ಮೋಸ ಆದದ್ದು ಕೂವೆಹುಡಿಯಲ್ಲಿ. ಪೇಟೆಯ ಅಂಗಡಿಯೊಂದರಲ್ಲಿ ಆರಾರೂಟ್ ಎಂದು ಕೆಜಿಗೆ ನೂರು ರೂಪಾಯಿಯ ಒಳಗೆ ಕೊಟ್ಟರು. ಅಷ್ಟು ಅಗ್ಗಕ್ಕೆ ಕೂವೆ ಸಿಗುವುದೇ ಇಲ್ಲ. ಮಣ್ಣಿ ಮಾಡಲು ಕಾಸಿದಾಗ ಹಾಲಿನಂತೆ ಬೆಳ್ಳಗೆ ಗಟ್ಟಿಯಾಯಿತು, ಅಂದರೆ ಮೆಕ್ಕೆಜೋಳದ ಪಿಷ್ಟ. ಧಾನ್ಯ ಬಿಟ್ಟವಳ ಹೊಟ್ಟೆಗೆ ವಾರಗಟ್ಟಲೆ ಹೋದದ್ದು ಧಾನ್ಯವೇ. ಅಸಲಿ ಕೂವೆ ಕಾದಾಗ ಗಾಜಿನ ಹಾಗೆ ತಿಳಿಯಾಗುತ್ತದೆ, ಪಾತ್ರೆಯ ತಳ ಕಾಣುತ್ತದೆ. ಮರಗೆಣಸಿನ ಪಿಷ್ಟವೂ ತಿಳಿಯಾಗುತ್ತದೆ, ಆದರೆ ಚಮಚ ಎತ್ತಿದರೆ ನೂಲು ನೂಲಾಗಿ ಎಳೆಯುತ್ತದೆ. ನಾನೀಗ ಕೂವೆ ಕೊಳ್ಳುವುದು ಗೆಡ್ಡೆ ತಾವೇ ಅರೆದು ತೊಳೆದು ಒಣಗಿಸುವ ಮನೆಯವರಿಂದ. ಕೆಜಿಗೆ ಎಂಟುನೂರರಿಂದ ಸಾವಿರ. ದುಬಾರಿಯೇ, ಆದರೆ ದೋಸೆಗೆ ಬೇಕಾಗುವುದು ಒಂದೆರಡು ಚಮಚ.

ಈಗ ಬಾಳೆಕಾಯಿ. ನಾನು ಸುಮಾರು ಕಾಲ ಬಾಳೆಕಾಯಿಯನ್ನು ಬೇಯಿಸಿ ರುಬ್ಬುತ್ತಿದ್ದೆ, ಯಾಕೆಂದರೆ ನೋಡಿದ ವಿಡಿಯೋಗಳಲ್ಲೆಲ್ಲ ಬೇಯಿಸುತ್ತಿದ್ದರು. ಬೆಂದ ಕಾಯಿ ಮಿಕ್ಸಿಯೊಳಗೆ ಅಂಟಾಗುತ್ತದೆ, ಬ್ಲೇಡಿನ ಸುತ್ತ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಕಾವಲಿಗೆ ಹಾಕಿದರೆ ಮೇಲೆ ಕಂದು, ಒಳಗೆ ಗೋಂದು. ಪಿಷ್ಟ ಬೇಯುವುದು ಒಂದೇ ಸಲ. ಹಬೆಯಲ್ಲೇ ಬೆಂದು ಮುಗಿದರೆ ಕಾವಲಿಯ ಮೇಲೆ ಹಿಡಿಯಲು ಏನು ಉಳಿಯಿತು? ಹಸಿಯಾಗಿ ರುಬ್ಬಿ ಹುಯ್ದ ದಿನ ದೋಸೆ ತಾನಾಗಿ ಅಂಚು ಬಿಟ್ಟಿತು. ಬೇಯಿಸಿದ ಕಾಯಿ ಶ್ಯಾವಿಗೆಗೆ ಚೆನ್ನ. ಬಿಸಿ ಇರುವಾಗಲೇ ಒರಳಿನಲ್ಲಿ ಒತ್ತಬೇಕು, ಆರಿದರೆ ಗಂಡಸರನ್ನು ಕರೆಯಬೇಕಾಗುತ್ತದೆ.

ಅಳತೆ ಅಂದಾಜಿನದ್ದು. ದೊಡ್ಡ ನೇಂದ್ರಕಾಯಿ ಎರಡು, ಹಸಿರು ಹಸಿರಾಗಿಯೇ ಇರಬೇಕು. ತುದಿಯಲ್ಲಿ ಹಳದಿ ಕಂಡರೆ ಅದರಲ್ಲಿ ಸಿಹಿ ಹುಟ್ಟಿದೆ, ಕಾವಲಿಗೆ ಕಚ್ಚಿ ಕರಿಯುತ್ತದೆ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸಿಪ್ಪೆ ತೆಗೆದು, ಹೆಚ್ಚಿ, ಲಿಂಬೆ ಹಿಂಡಿದ ನೀರಿಗೆ ಹಾಕಿ. ಮಜ್ಜಿಗೆಗೆ ಹಾಕುವ ಅಭ್ಯಾಸ ಇದ್ದವರು ಕೈ ತಡೆದುಕೊಳ್ಳಿ. ಒಂದು ಹಿಡಿ ಕಾಯಿತುರಿ, ಕೂವೆಹುಡಿ ಎರಡು ಚಮಚ, ಬೆರಳಿನ ಗೆಣ್ಣಿನಷ್ಟು ಶುಂಠಿ, ಉಪ್ಪು. ನುಣ್ಣಗೆ ರುಬ್ಬಿದ ಮೇಲೆ ಸೆಟ್ ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿರಲಿ. ರುಬ್ಬಿದ ಕೂಡಲೇ ಹುಯ್ಯಬೇಕು, ಇಟ್ಟರೆ ಕಪ್ಪಾಗುತ್ತದೆ. ಕಾವಲಿಗೆ ಈರುಳ್ಳಿ ಹೋಳಿನಿಂದ ಎಣ್ಣೆ ಉಜ್ಜಿ, ಉರಿ ಮಧ್ಯಮಕ್ಕಿಂತ ಕೆಳಗೆ, ಮುಚ್ಚಳ ಕಡ್ಡಾಯ. ಅಂಚು ತಾನೇ ಏಳುವ ತನಕ ಸಟ್ಟುಗ ಮುಟ್ಟಬೇಡಿ. ನಾನ್‌ಸ್ಟಿಕ್‌ನಲ್ಲಿ ಮಾಡಿದರೆ ಯಾರಿಗೂ ಬರುತ್ತದೆ, ಅದರಲ್ಲೇನು ದೊಡ್ಡ ಸಂಗತಿ!

ರುಬ್ಬುವ ಕೊನೆಗೆ ನಾನು ಒಂದು ಬಗೆಯ ಎಲೆ ಹಾಕುತ್ತೇನೆ. ಹಿಂದೆ ಅಜ್ಜಿಯಂದಿರು ಮೆತ್ತಗಿನ ದೋಸೆಗೆ ಹಾಕುತ್ತಿದ್ದದ್ದೇ, ಹಿತ್ತಿಲಲ್ಲೇ ಇರುತ್ತದೆ. ಯಾವುದೆಂದು ಹೇಳುವುದಿಲ್ಲ. ಮುಂದೆ ಇದರ ಹುಡಿ ಕಟ್ಟಿ ಮಾರುವ ಆಲೋಚನೆ ಇದೆ, ಅಷ್ಟು ಲೋಭ ನನಗೂ ಇರಲಿ.

ಹುಡಿ ಎಂದಾಗ ನೆನಪಾಯಿತು. 2021ರಲ್ಲಿ ಪುತ್ತೂರಿನ ಅಡಿಕೆ ಪತ್ರಿಕೆ ಬಾಕಾಹು, ಅಂದರೆ ಬಾಳೆಕಾಯಿ ಹುಡಿಯ ಮಾತನ್ನು ಊರೂರಿಗೆ ಹಬ್ಬಿಸಿತಲ್ಲ, ಆಗ ಬಾಳೆಗೆ ಬೆಲೆ ಇಲ್ಲದ ಕಾಲ, ರೈತರು ಮನೆಯಲ್ಲೇ ಒಣಗಿಸತೊಡಗಿದ್ದರು. ನಾನು ಆಗ ಅದನ್ನು ಮಕ್ಕಳ ಆಹಾರ ಎಂದು ತಳ್ಳಿಹಾಕಿದ್ದೆ. ಈಗ ನನ್ನ ಮಳೆಗಾಲ ದಾಟುವುದೇ ಅದರಲ್ಲಿ. ಹಸಿಯಾಗಿ ಒಣಗಿಸಿದ್ದರಿಂದ ಪಿಷ್ಟ ಬೆಂದಿರುವುದಿಲ್ಲ, ಕಾವಲಿಯ ಮೇಲೆ ಹಿಡಿಯುತ್ತದೆ. ನಾಲ್ಕೈದು ಕೆಜಿ ಕಾಯಿಗೆ ಒಂದು ಕೆಜಿ ಹುಡಿ ಬರಬಹುದು. ಬಿಸಿಲು ಮೂರು ದಿನ ಖಡಕ್ ಇರಬೇಕು, ನಡುವೆ ಮೋಡ ಬಂದರೆ ಬೂಸಲು.

ದೋಸೆಗೆ ಹುಳಿ ಇಲ್ಲವಲ್ಲ ಎಂದು ಎಳನೀರು ಹಾಕಿ ಹುದುಗು ಬರಿಸಲು ನೋಡಿದ್ದೆ. ರಾತ್ರಿ ಇಟ್ಟ ಪಾತ್ರೆ ಬೆಳಿಗ್ಗೆ ಮುಚ್ಚಳ ನೂಕಿ ನಿಂತಿತ್ತು, ಅಡುಗೆಮನೆ ಪೂರ್ತಿ ಶೇಂದಿ ಅಂಗಡಿಯ ವಾಸನೆ. ಬಾವ ಬಂದವರು "ಗಡಂಗು ಯಾವಾಗ ಶುರು ಮಾಡಿದ್ದು?" ಎಂದರು. ಹುಳಿಗೆ ಪುನರ್ಪುಳಿ ನೀರೇ ಸಾಕು.

ಚಟ್ನಿಗೆ ಮೆಣಸಿಲ್ಲದ ಖಾರ ಬೇಕೆಂದರೆ ಮಾವಿನಶುಂಠಿ. ಕಾಯಿತುರಿ, ಮಾವಿನಶುಂಠಿ, ಕೊತ್ತಂಬರಿ ಸೊಪ್ಪು, ಒಂದು ಬಿಂಬುಳಿ. ಬ್ಯಾಡಗಿಯ ಬಣ್ಣ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ನೆಂಟರು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಬರೀ ಪಿಷ್ಟ ತಿಂದರೆ ಹತ್ತು ಗಂಟೆಗೆ ಹೊಟ್ಟೆ ಕೂಗುತ್ತದೆ. ಸಬ್ಬಕ್ಕಿ ಮಾಡಿ ನೋಡಿದ್ದೇನೆ, ಹೆಸರಲ್ಲಿ ಅಕ್ಕಿ ಇದ್ದರೂ ನಮ್ಮಲ್ಲಿ ಸಿಗುವುದು ಮರಗೆಣಸಿನದ್ದು. ಶೇಂಗಾ, ಹಸಿಮೆಣಸು ಇಲ್ಲದ ಸಬ್ಬಕ್ಕಿ ಒಗ್ಗರಣೆ ತಿನ್ನುವಾಗ ಸಪ್ಪೆ, ತಿಂದ ಮೇಲೆ ನಿದ್ರೆ. ಜೊತೆಗೆ ಮೀನು ಬೇಕೇ ಬೇಕು. ನಿನ್ನೆಯ ಮೀನು ಸಾರು ಬೆಳಿಗ್ಗೆಗೆ ರುಚಿ ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ತೊಡಕಿದ್ದದ್ದು ಮಸಾಲೆಯಲ್ಲಿ. ಅರಿಶಿನ, ಶುಂಠಿ, ಬೆಳ್ಳುಳ್ಳಿ, ಕಾಯಿಹಾಲು, ಪುನರ್ಪುಳಿ ಹಾಕಿ ಬೂತಾಯಿ ಕುದಿಸಿ, ಇಳಿಸುವಾಗ ಒಳಗಿನ ಕಪ್ಪು ಬೀಜ ತೆಗೆದ ಜುಮ್ಮನಕಾಯಿ ನಾಲ್ಕು ಜಜ್ಜಿ ಹಾಕುತ್ತೇನೆ. ಕೊಂಕಣಿಗರ ಅಡುಗೆಯಿಂದ ಕದ್ದದ್ದು. ನಾಲಿಗೆ ಜುಂ ಎಂದಾಗ ಮೆಣಸು ಇಲ್ಲದ್ದು ಮರೆತುಹೋಗುತ್ತದೆ. ಇದರ ಜೊತೆ ಹಬೆಯಲ್ಲಿ ಬೇಯಿಸಿದ ಗೆಣಸು ಅಥವಾ ಸುವರ್ಣಗಡ್ಡೆ. ಸುವರ್ಣಗಡ್ಡೆ ತುರಿಸದಿರಲು ಹುಣಸೆ ನೀರಲ್ಲಿ ಕುದಿಸಿ ಚೆಲ್ಲಿ. ಮರಗೆಣಸನ್ನಂತೂ ಸಿಪ್ಪೆ ತೆಗೆದು, ಮುಚ್ಚಳ ಇಲ್ಲದ ಪಾತ್ರೆಯಲ್ಲಿ ಹೆಚ್ಚು ನೀರಿಟ್ಟು ಬೇಯಿಸಿ ನೀರು ಬಸಿಯಲೇಬೇಕು. ಅದರ ವಿಷ ಹೋಗುವುದು ಹಾಗೆ. ಥೈರಾಯ್ಡ್ ಇರುವವರು ಅದನ್ನು ದಿನಾ ತಿನ್ನುವುದು ಬೇಡ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಬೂತಾಯಿಗೂ ಬಂಗಾರದ ಬೆಲೆ, ಸಿಕ್ಕಿದ್ದೂ ಮಂಜುಗಡ್ಡೆಯದ್ದು. ಆ ಎರಡು ತಿಂಗಳು ಆಡಿನ ಕಾಲು ಸೂಪು. ರಾತ್ರಿ ಕುಕ್ಕರಿನಲ್ಲಿ ಬೇಯಿಸಿಟ್ಟು ಬೆಳಿಗ್ಗೆ ಬಿಸಿ ಮಾಡಿ, ಜೀಗುಜ್ಜೆ ಹೋಳು ಹಾಕಿ ಕುದಿಸಿದರೆ ಅದೇ ತಿಂಡಿ. ಜೀಗುಜ್ಜೆಯೂ ಮಳೆಗಾಲದಲ್ಲೇ ಬರುತ್ತದೆ, ದೇವರ ದಯೆ. ಅದೇ ಕಾಲದ ಕೆಸುವಿನೆಲೆಗೆ ಅಕ್ಕಿಯ ಬದಲು ಹಸಿ ಬಾಳೆಕಾಯಿ ಮಸಾಲೆ ಸವರಿ ಪತ್ರೊಡೆಯನ್ನೂ ಮಾಡಿದೆ. ಉರುಳೆ ಚೆನ್ನಾಗಿ ಕತ್ತರಿಸಲು ಬಂತು, ಎಣ್ಣೆಯಲ್ಲಿ ಕಾಯಿಸಿದರೆ ಅತ್ತೆಗೆ ವ್ಯತ್ಯಾಸವೇ ತಿಳಿಯಲಿಲ್ಲ. ತಿಳಿದರೂ ಹೇಳಿಲ್ಲ.

ಖರ್ಚು ತಿಂಗಳಿಗೆ ಎರಡು, ಎರಡೂವರೆ ಸಾವಿರ ಹೆಚ್ಚಿದೆ. ಅದರಲ್ಲಿ ದೊಡ್ಡ ಪಾಲು ತೆಂಗಿನದ್ದೇ. 2025ರಲ್ಲಿ ಎಣ್ಣೆ ಲೀಟರಿಗೆ 400 ದಾಟಿದಾಗ ಇದನ್ನು ಕೈಬಿಡುವ ಯೋಚನೆಯೂ ಬಂದಿತ್ತು. ಗೆಡ್ಡೆಗಳು ಮಾತ್ರ ಅಗ್ಗ. ಚಳಿಗಾಲದಲ್ಲಿ ಬೆಳಗಾವಿ ಕಡೆಯ ಗೆಣಸು ಬಂದಾಗ ಮೂವತ್ತು ನಲವತ್ತಕ್ಕೆ ಕೆಜಿ ಸಿಗುತ್ತದೆ. ಹೊಸ ಜಾತಿ ಬೇಕಾದವರು ಉತ್ತರ ಕನ್ನಡದ ಜೊಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ಒಮ್ಮೆ ಹೋಗಿ ಬನ್ನಿ. ಕುಣಬಿ ಹೆಂಗಸರು ಬುಟ್ಟಿಯಲ್ಲಿ ತರುವ ಗೆಡ್ಡೆಗಳ ಅರ್ಧದಷ್ಟು ಹೆಸರು ನನಗೆ ಕೇಳಿಯೇ ಗೊತ್ತಿರಲಿಲ್ಲ, ಯಾವುದಕ್ಕೆ ಎಷ್ಟು ಬೆಂಕಿ ಎಂದು ಅವರೇ ಹೇಳಿಕೊಡುತ್ತಾರೆ.

ಒಂದೊಂದನ್ನೇ ಮರಳಿ ಸೇರಿಸುವಾಗ ಕಾಳುಮೆಣಸು, ತುಪ್ಪ ಒಗ್ಗಿದವು. ಮಧ್ಯಾಹ್ನದ ಕುಚ್ಚಲಕ್ಕಿ ಗಂಜಿಯೂ ಒಗ್ಗಿತು, ಅದು ನನಗೇ ಆಶ್ಚರ್ಯ. ಕೆಂಪು ಮೆಣಸು ಹಾಕಿದ ಮರುದಿನವೇ ಬೆರಳು ಬಾತವು, ಎರಡು ಸಲ ನೋಡಿ ಬಿಟ್ಟೆ. ಮೊಟ್ಟೆ ಇನ್ನೂ ಮುಟ್ಟಿಲ್ಲ, ಬೇಕೆಂದೂ ಅನಿಸಿಲ್ಲ.

ನೇಂದ್ರ ಸಿಗದ ಘಟ್ಟದ ಮೇಲಿನವರು ಬೂದುಬಾಳೆ ಬಳಸಬಹುದು. ಅದರಲ್ಲಿ ನೀರು ಜಾಸ್ತಿ, ಕೂವೆಹುಡಿ ಇನ್ನೊಂದು ಚಮಚ ಸೇರಿಸಿ, ರುಬ್ಬುವಾಗ ನೀರು ಹಾಕಲೇಬೇಡಿ. ಮೊದಲ ದೋಸೆ ಕಾವಲಿಗೆ ಕಚ್ಚಿದರೆ ಗಾಬರಿ ಬೇಡ, ನನ್ನದೂ ಈಗಲೂ ಕಚ್ಚುತ್ತದೆ. ಅದು ಕಾಗೆಗೆ.