ಬ್ಲೌಸ್ ಕೆಟ್ಟಾಗ ಯಾರ ಹತ್ತಿರ ಹೇಗೆ ತಪ್ಪೊಪ್ಪಿಕೊಳ್ಳಬೇಕು?

ಗಾಂಧಿ ಬಜಾರ್ ಹತ್ತಿರ ಬ್ಲೌಸ್ ಹೊಲಿಯುತ್ತೇನೆ. 19 ವರ್ಷದಲ್ಲಿ ಹೊಲಿಗೆಗಿಂತ ಜಾಸ್ತಿ ಕಲಿತಿದ್ದು ಕ್ಷಮೆ ಕೇಳುವುದನ್ನೇ. ಗೌರಿ ಹಬ್ಬದ ಹೊತ್ತಿಗೆ ಯಾವ ಟೈಲರ್ ಮಾತು ಉಳಿಸಿಕೊಂಡಿದ್ದಾರೆ ಹೇಳಿ? ಹೊಸದಾಗಿ ಅಂಗಡಿ ಇಡುವವರಿಗೆ ನಾನು ಹೇಳಿಕೊಡುವುದು ಇದು.

ಒಂದು ದಿನ ತಡವಾದರೆ 'ಸಾರಿ ಮೇಡಂ' ಸಾಕು. ಬಟ್ಟೆಯೇ ಕೆಟ್ಟರೆ ಸಾಲದು. ಅದು ಬಸ್ಸಿನಲ್ಲಿ ಭುಜ ತಾಗಿದಾಗ ಅನ್ನುವ ಮಾತು. 'ತಪ್ಪಾಯ್ತು' ಅನ್ನಿ. ಅದರಲ್ಲೂ ಒಂದು ಕಳ್ಳಾಟ ಇದೆ: ತಪ್ಪು ತಾನಾಗೇ ಆಯ್ತು, ಮಾಡಿದವರು ಯಾರೂ ಇಲ್ಲ! ಅದಕ್ಕೇ 'ನನ್ನಿಂದ ತಪ್ಪಾಯ್ತು' ಅನ್ನಿ.

ವಯಸ್ಸಾದವರಿಗೆ 'ಹೊಟ್ಟೆಗೆ ಹಾಕ್ಕೊಳ್ಳಿ ಅಮ್ಮಾ' ಅಂದರೆ ಅರ್ಧ ಕೋಪ ಇಳಿಯುತ್ತದೆ. ಒಬ್ಬ ಅಜ್ಜಿ ಮಾತ್ರ, "ನಿನ್ನ ತಪ್ಪೆಲ್ಲಾ ಹೊಟ್ಟೆಗೆ ಹಾಕ್ಕೊಂಡೇ ಕಣೇ ಈ ಬ್ಲೌಸ್ ಟೈಟಾಗಿದ್ದು" ಅಂದರು. ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ದುಡ್ಡು ಕೇಳಲಿಲ್ಲ. ನೀವೂ ಕೇಳಬೇಡಿ.

ಗಿರಾಕಿಯ ಸೀರೆಗೆ ಕಾಲು ತಾಗಿದರೆ ಮಾತೇ ಬೇಡ. ಮುಟ್ಟಿ ಕಣ್ಣಿಗೊತ್ತಿಕೊಂಡರೆ ಆಯ್ತು.

ನಮ್ಮ ದೊಡ್ಡ ರೋಗ ಸಬೂಬು. ಕರೆಂಟ್ ಹೋಯ್ತು, ಹುಕ್ಕು ಹಾಕುವ ಹುಡುಗಿ ಊರಿಗೆ ಹೋದಳು, ಮಳೆ ಬಂತು. ಇದನ್ನು ಬಿಡಿಸಿದ್ದು ಒಬ್ಬ ಜಪಾನಿ ಗಿರಾಕಿ. ಮೊದಲ ಸಲ ಬಂದಾಗ ಕಾಫಿ ಕೊಟ್ಟೆ. 'ಸುಮಿಮಾಸೆನ್' ಅಂದರು. ಪಾಪ, ಇವರೇನು ತಪ್ಪು ಮಾಡಿದರು ಅಂದುಕೊಂಡೆ. 'ನಿಮಗೆ ತೊಂದರೆ ಕೊಟ್ಟೆನಲ್ಲ' ಅನ್ನುವ ಭಾವ ಅಂತೆ, ಥ್ಯಾಂಕ್ಸೂ ಅದೇ, ಸಾರಿಯೂ ಅದೇ. ದೊಡ್ಡ ತಪ್ಪಿಗೆ ತಲೆ ಬಾಗಿಸಿ 'ಮೋಶಿವಾಕೆ ಅರಿಮಾಸೆನ್' ಅನ್ನಬೇಕಂತೆ. ಅಂದರೆ, ಹೇಳೋಕೆ ನೆಪವೇ ಇಲ್ಲ. ಅವರ ಬ್ಲೌಸಿನ ಒಂದು ತೋಳು ಗಿಡ್ಡ ಮಾಡಿದ್ದ ದಿನ ನಾನು ಅದನ್ನೇ ಅಂದೆ. ಕರೆಂಟಿನ ಕಥೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಲೈನಿಂಗ್ ಬಟ್ಟೆ ತರುವುದು ಚಿಕ್ಕಪೇಟೆಯ ಜೈನ ವ್ಯಾಪಾರಿಯಿಂದ. ಅವರ 8 ದಿನದ ಪರ್ಯೂಷಣ ಹಬ್ಬ ಮುಗಿಯುವ ಸಂವತ್ಸರಿಯಂದು, ಅಂದರೆ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನ, 'ಮಿಚ್ಛಾಮಿ ದುಕ್ಕಡಂ' ಅಂತ ಮೆಸೇಜ್ ಕಳಿಸುತ್ತಾರೆ. ಪ್ರಾಕೃತದ ಮಾತು, ನನ್ನಿಂದಾದ ಕೆಟ್ಟದ್ದು ಇಲ್ಲವಾಗಲಿ ಅಂತ. 'ಪರವಾಗಿಲ್ಲ ಬಿಡಿ' ಅನ್ನಬೇಡಿ, ಅದನ್ನೇ ತಿರುಗಿ ಹೇಳಿ. ಬಾಕಿ ದುಡ್ಡಿನ ಮೆಸೇಜ್ ಮಾರನೇ ದಿನ ಬರುತ್ತದೆ.