ಎರೆ ಹೊಲ, ಎದುರು ಬೆಳಕು: ಕಪ್ಪತಗುಡ್ಡದ ಒಂದು ಎಚ್‌ಡಿಆರ್ ಚಿತ್ರ

ಎರೆ ಹೊಲದ ಫೋಟೋ ತೆಗೆಯುವುದು ಕಷ್ಟ. ಕರಿ ಮಣ್ಣು ಬಿದ್ದ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಗದಗ ಜಿಲ್ಲೆಯ ಡಂಬಳದ ಕಡೆಯಿಂದ ಸಂಜೆ ಕಪ್ಪತಗುಡ್ಡಕ್ಕೆ ಕ್ಯಾಮೆರಾ ಇಟ್ಟರಂತೂ ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿರುತ್ತಾನೆ, ಬೆಳಕು ನೇರ ಎದುರಿಗೆ. ಮೋಡಕ್ಕೆ ಬೆಳಕು ಅಳೆದು ತೆಗೆದರೆ ಹೊಲ ಪೂರ್ತಿ ಕಪ್ಪು. ಹೊಲದ ಸಾಲು ಕಾಣಲಿ ಅಂತ ತೆಗೆದರೆ ಮೋಡ ಮಾಯ.

ಈಗಿನ ಒಳ್ಳೆ ಸೆನ್ಸರ್‌ಗಳು ಹದಿಮೂರು-ಹದಿನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಅಂತರದ ಬೆಳಕು-ನೆರಳು ಹಿಡಿಯುತ್ತವೆ, ಒಂದೇ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಫೈಲ್) ಸಾಕು ಅನ್ನುವವರಿದ್ದಾರೆ. ಬೇರೆ ಕಡೆ ಸಾಕಾಗಬಹುದು. ಎರೆ ಮಣ್ಣಿನಲ್ಲಿ ಮಾತ್ರ ಆ ಕೆಳಗಿನ ಸ್ಟಾಪುಗಳನ್ನು ಮೇಲೆತ್ತಿದರೆ ಮಣ್ಣಿನ ಹೆಂಟೆ ಕಾಣುವುದಿಲ್ಲ, ನಾಯ್ಸ್, ಅಂದರೆ ಬರೀ ಚುಕ್ಕೆ ಚುಕ್ಕೆ, ಕಾಣುತ್ತದೆ. ಅದಕ್ಕೇ ನಾನು ಬ್ರಾಕೆಟಿಂಗ್ ಮಾಡುತ್ತೇನೆ: ಒಂದೇ ದೃಶ್ಯವನ್ನು ಬೆಳಕು ಕಡಿಮೆ-ಹೆಚ್ಚು ಬಿಡುತ್ತಾ ಹಲವು ಸಲ ತೆಗೆಯುವುದು. ಅವನ್ನು ಸೇರಿಸಿ ಮಾಡಿದ್ದೇ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಚಿತ್ರ. ನನ್ನದು ಕೊನೆಗೆ ಪೇಂಟಿಂಗಿನಂತೆ ಕಾಣಬೇಕಿತ್ತು.

ಇದೇನೂ ಹೊಸ ಕಂಪ್ಯೂಟರ್ ಕಸರತ್ತಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಅಚ್ಚು ಹಾಕಿದ್ದರು. ಆಗಿನ ನೆಗೆಟಿವ್ ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತು, ಆಕಾಶ ಬಿಳಿಚಿಹೋಗುತ್ತಿತ್ತು. ಅವರ ತೊಂದರೆ, ನನ್ನ ತೊಂದರೆ ಎರಡೂ ಒಂದೇ, ಅಲ್ವಾ?

ನಾನು ಆರಿಸಿಕೊಂಡ ಹೊತ್ತು ಸೆಪ್ಟೆಂಬರ್ ಕೊನೆ. ಹೆಸರು ಕಿತ್ತು, ಹಿಂಗಾರಿ ಜೋಳ-ಕಡಲೆ ಬಿತ್ತೋಕೆ ಹೊಲ ಹರಗಿಟ್ಟಿರುತ್ತಾರೆ. ಕುಂಟೆಯ ಗೆರೆಗಳು ಗುಡ್ಡದ ಕಡೆಗೇ ಓಡುತ್ತವೆ. ಅಲ್ಲಲ್ಲಿ ಸೂರ್ಯಕಾಂತಿ ಇನ್ನೂ ನಿಂತಿರುತ್ತದೆ. ಮೋಡವೂ ಇರುತ್ತದೆ. ಬೇಸಿಗೆಯಲ್ಲಿ ಇದೇ ಜಾಗದಲ್ಲಿ ಬರೀ ಧೂಳು.

ಹಸಿ ಎರೆಯಲ್ಲಿ ಟ್ರೈಪಾಡ್ ಕಾಲು ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಮೊದಲ ಫ್ರೇಮಿಗೂ ಕೊನೆಯದಕ್ಕೂ ಚೌಕಟ್ಟು ಸರಿಯುತ್ತದೆ. ಬದುವಿನ ಮೇಲೆ ನಿಲ್ಲಿಸಿ, ಪ್ರತಿ ಕಾಲಿನ ಕೆಳಗೂ ಚಪ್ಪಟೆ ಕಲ್ಲು ಇಡಿ. ಟ್ರೈಪಾಡ್ ನಡುವೆ ಬ್ಯಾಗ್ ತೂಗುಹಾಕಿ, ಆದರೆ ಅದರ ತಳ ನೆಲಕ್ಕೆ ತಾಗಿರಲಿ. ಇಲ್ಲದಿದ್ದರೆ ಗದಗಿನ ಗಾಳಿಗೆ ಬ್ಯಾಗೇ ಜೋಲಾಡಿ ಕ್ಯಾಮೆರಾ ಅಲುಗಿಸುತ್ತದೆ.

ಸೆಟ್ಟಿಂಗ್ ಸರಳ. ಮ್ಯಾನುಯಲ್ ಮೋಡ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 11. ಶಟರ್ ತೆರೆದಿರುವ ಹೊತ್ತು ಒಂದನ್ನೇ ಬದಲಿಸಬೇಕು, ಅಪರ್ಚರ್ ಬದಲಿಸಿದರೆ ಫೋಕಸ್ಸಿನ ಆಳ ಬದಲಾಗಿ ಫ್ರೇಮುಗಳು ಒಂದಕ್ಕೊಂದು ಕೂಡುವುದಿಲ್ಲ. ಎರಡೆರಡು ಸ್ಟಾಪ್ ಅಂತರದಲ್ಲಿ ಐದು ಫ್ರೇಮ್: 1/1000, 1/250, 1/60, 1/15, 1/4 ಸೆಕೆಂಡ್. ಫೋಕಸ್ ಹಿಡಿದ ಮೇಲೆ ಆಟೋಫೋಕಸ್ ಆಫ್. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಡೇಲೈಟಿಗೆ ಕಟ್ಟಿಹಾಕಿ. ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳಿನ ಅಲುಗಾಟ ತಪ್ಪುತ್ತದೆ.

ಈ ಐದನ್ನು ಬಿಸಿಲು ಇರುವಾಗ ಒಮ್ಮೆ, ಸೂರ್ಯ ಗುಡ್ಡದ ಅಂಚಿಗೆ ಬಂದಾಗ ಒಮ್ಮೆ, ಮುಳುಗಿದ ಮೇಲೆ ಒಮ್ಮೆ ತೆಗೆದೆ. ಅಷ್ಟೂ ಹೊತ್ತು ಕ್ಯಾಮೆರಾ ಕದಲಿಸಲಿಲ್ಲ. ಹೊಲದ ಯಜಮಾನರು ಎತ್ತು ಹೊಡೆದುಕೊಂಡು ಹೋಗುವಾಗ ನಿಂತು ಕೇಳಿದರು: "ಏನ್ರೀ ಸರ, ಒಂದ ಗುಡ್ಡಾನ ಎಷ್ಟ ಸಲ ಹೊಡಿತೀರಿ?" ಅವರನ್ನೂ ಎತ್ತನ್ನೂ ಬದುವಿನ ಆಚೆ ಸ್ವಲ್ಪ ನಿಲ್ಲಲು ಕೇಳಿಕೊಂಡೆ. ಚಿತ್ರದಲ್ಲಿ ಕೆಂಪು ರುಮಾಲು ಇರೋದು ಹಾಗೆ.

ಮನೆಗೆ ಬಂದ ಮೇಲೆ ಮೊದಲ ಪ್ರಶ್ನೆ: ಟೋನ್ ಮ್ಯಾಪಿಂಗಾ, ಎಕ್ಸ್‌ಪೋಷರ್ ಫ್ಯೂಷನ್ನಾ? ಎಚ್‌ಡಿಆರ್ ಅಂದ ಕೂಡಲೇ ಜನ ಮೂಗು ಮುರಿಯುವುದು ಟೋನ್ ಮ್ಯಾಪಿಂಗ್ ಅತಿಯಾದ ಚಿತ್ರಗಳನ್ನು ನೋಡಿ. ಟೋನ್ ಮ್ಯಾಪಿಂಗ್ ಎಲ್ಲ ಫ್ರೇಮುಗಳನ್ನೂ ಸೇರಿಸಿ 32 ಬಿಟ್ಟಿನ ಒಂದು ಫೈಲ್ ಮಾಡಿ, ಆಮೇಲೆ ಪರದೆಗೆ ಹೊಂದುವಷ್ಟು ಕುಗ್ಗಿಸುತ್ತದೆ. ಕುಗ್ಗಿಸುವಾಗ ಕೈ ಜೋರಾದರೆ ಎಲ್ಲವೂ ನಡುಮಟ್ಟದ ಬೆಳಕಿಗೆ ಬಂದು ಕೂರುತ್ತದೆ. ಮೋಡ ಕೊಳಕಾಗುತ್ತದೆ, ಗುಡ್ಡದ ಅಂಚಿಗೆ ಬಿಳಿ ಪ್ರಭೆ ಮೂಡುತ್ತದೆ.

ನಾನು ಬಳಸುವುದು ಫ್ಯೂಷನ್. ಟಾಮ್ ಮರ್ಟೆನ್ಸ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ವಿಧಾನ ಇದು. ಪ್ರತಿ ಫ್ರೇಮಿನ ಪ್ರತಿ ಪಿಕ್ಸೆಲ್ಲಿಗೂ ಕಾಂಟ್ರಾಸ್ಟ್, ಬಣ್ಣದ ಗಾಢತೆ, ಎಕ್ಸ್‌ಪೋಷರ್ ಎಷ್ಟು ಸರಿ ಅನ್ನುವ ಮೂರು ವಿಷಯದಲ್ಲಿ ಅಂಕ ಕೊಡುತ್ತದೆ. ಜಾಸ್ತಿ ಅಂಕದವು ಜಾಸ್ತಿ ಸೇರುತ್ತವೆ. ಎನ್‌ಫ್ಯೂಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದನ್ನು ಮಾಡಿಕೊಡುತ್ತದೆ. ಬರುವ ಫಲಿತಾಂಶ ಸ್ವಲ್ಪ ಸಪ್ಪೆ. ಇರಲಿ, ಉಪ್ಪು ಆಮೇಲೆ ಹಾಕಿಕೊಳ್ಳಬಹುದು.

ಅಲುಗಾಡುವ ವಸ್ತುಗಳನ್ನು ಮಾತ್ರ ಸಾಫ್ಟ್‌ವೇರಿಗೆ ಬಿಡಬೇಡಿ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳಿಗೆ ಮೂರೇ ರೆಕ್ಕೆ, ಐದು ಫ್ರೇಮ್ ಸೇರಿದರೆ ಒಂದೊಂದಕ್ಕೂ ಹದಿನೈದು ಕಾಣಬಹುದು! ಸೂರ್ಯಕಾಂತಿ ತಲೆಯಾಡಿಸಿದರೂ ಅಷ್ಟೆ. ಇವುಗಳಿಗೆ ತಲಾ ಒಂದು ಫ್ರೇಮ್ ಆರಿಸಿ, ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಮಾಸ್ಕ್ ಹಾಕಿ (ಬೇಡದ್ದನ್ನು ಮರೆಮಾಡಿ) ಮೇಲೆ ಕೂರಿಸಿದೆ. ಎತ್ತು ಮತ್ತು ಯಜಮಾನರದೂ ಒಂದೇ ಫ್ರೇಮ್, 1/250ರದು.

ನೆಲವನ್ನು ಮೊದಲ ಸರಣಿಯಿಂದ ತೆಗೆದುಕೊಂಡೆ, ಅದರಲ್ಲಿ ಸಾಲುಗಳ ನೆರಳು ಚೆನ್ನಾಗಿತ್ತು. ಮೋಡ ಎರಡನೆಯದು. ಮೂರನೆಯದರಿಂದ ತೆಗೆದದ್ದು ಗುಡ್ಡದ ನೀಲಿ ಮಾತ್ರ. ಮೂರರಲ್ಲೂ ಬೆಳಕು ಪಡುವಣದಿಂದಲೇ ಬರುತ್ತದೆ, ಅದಕ್ಕೇ ಇವು ಹೊಂದುತ್ತವೆ. ಇಂಟರ್ನೆಟ್ಟಿನಿಂದ ಯಾವುದೋ ಊರಿನ ಮೋಡ ತಂದು ಅಂಟಿಸಿದರೆ ನೆರಳು ಒಂದು ಕಡೆ, ಸೂರ್ಯ ಇನ್ನೊಂದು ಕಡೆ ಆಗುತ್ತದೆ. ಸಂಜೆ ಮೋಡಕ್ಕೆ ಹೊಂದುವಂತೆ ನೆಲದ ಬಣ್ಣವನ್ನು ಸ್ವಲ್ಪ ಬೆಚ್ಚಗೆ ಮಾಡಿದೆ.

ಪೇಂಟಿಂಗ್ ಗುಣ ಇದೆಲ್ಲ ಮುಗಿದ ಮೇಲೆ ಬರುವುದು, ಮತ್ತು ಅದು ಕಳೆಯುವುದರಿಂದ ಬರುತ್ತದೆ. ಬ್ರಾಕೆಟಿಂಗ್ ಮಾಡಿದ್ದು ಎಲ್ಲ ಕಡೆಯ ವಿವರ ಸಿಗಲಿ ಅಂತ. ಸಿಕ್ಕಿದ್ದನ್ನೆಲ್ಲ ತೋರಿಸಬೇಕು ಅಂತೇನಿಲ್ಲ. ಧಾರವಾಡದ ಹಿರಿಯ ಚಿತ್ರಕಲಾ ಮೇಷ್ಟ್ರೊಬ್ಬರಿಗೆ ಅರ್ಧ ಮುಗಿದದ್ದನ್ನು ತೋರಿಸಿದ್ದೆ. "ಎಲ್ಲಾ ಕಡೆ ಬಿಡಿಸಬ್ಯಾಡಪಾ, ಕಣ್ಣು ಎಲ್ಲಿ ನಿಲ್ಲಬೇಕು?" ಅಂದರು. ನನಗದು ಕೆಂಪು ರುಮಾಲಿನ ಹತ್ತಿರ ನಿಲ್ಲಬೇಕಿತ್ತು. ಹಾಗಾಗಿ ಅಲ್ಲಿ ಮಾತ್ರ ಚೂಪು ಉಳಿಸಿದೆ. ಮುಂದಿನ ಮಣ್ಣಿಗೆ, ಮೋಡಕ್ಕೆ ಕುವಾಹರಾ ಫಿಲ್ಟರ್ ಹಾಕಿದೆ. ಅದು ಪ್ರತಿ ಪಿಕ್ಸೆಲ್ಲಿನ ಸುತ್ತ ನಾಲ್ಕು ಚೌಕ ನೋಡಿ, ಯಾವುದರಲ್ಲಿ ಏರುಪೇರು ಕಡಿಮೆಯೋ ಅದರ ಸರಾಸರಿ ಬಣ್ಣ ಕೊಡುತ್ತದೆ. ಅಂಚು ಉಳಿಯುತ್ತದೆ, ಒಳಗಿನದು ಕುಂಚ ಎಳೆದಂತೆ ಸಪಾಟಾಗುತ್ತದೆ. ಫಿಲ್ಟರ್ ಹಾಕಿದ ಪದರದ ಒಪಾಸಿಟಿ (ದಟ್ಟತನ) ಅರ್ಧಕ್ಕಿಂತ ಕಡಿಮೆ ಇಡಿ. ಗುಡ್ಡಕ್ಕೆ ಕಾಂಟ್ರಾಸ್ಟ್ ಇಳಿಸಿ ನೀಲಿ ಏರಿಸಿದೆ, ದೂರ ಅನ್ನಿಸಲು ಅಷ್ಟು ಸಾಕು.

ಆರ್ಟನ್ ಎಫೆಕ್ಟ್ ಹಾಕಲು ಕೆಲವರು ಹೇಳಿದರು. ಮಸುಕು ಮಾಡಿದ ಪ್ರತಿಯನ್ನು ಮೇಲೆ ಬೆರೆಸಿ ಹೊಳಪು ತರಿಸುವ ವಿಧಾನ ಅದು. ಆಗುಂಬೆಗೆ ಒಪ್ಪುತ್ತದೆ. ನಮ್ಮ ಬಯಲಿನ ಒಣ ಗಾಳಿಗೆ ಸುಮ್ನೆ ಸುಳ್ಳು ಮಂಜು ಯಾಕೆ?

ಪ್ರಿಂಟಿಗೆ ಹುಬ್ಬಳ್ಳಿಗೆ ಕೊಡುವ ಮುಂಚೆ ಮಾನಿಟರಿನ ಬೆಳಕು ಇಳಿಸಿ ಒಮ್ಮೆ ನೋಡಿ. ಕಾಗದ ತಾನಾಗಿ ಬೆಳಗುವುದಿಲ್ಲ, ಎರೆ ಮತ್ತೆ ಒಂದೇ ಕಪ್ಪಾಗಿಬಿಡುತ್ತದೆ. ನೆರಳುಗಳನ್ನು ಸ್ವಲ್ಪ ಎತ್ತಿ, ಮೊದಲು ಸಣ್ಣ ಪ್ರಿಂಟ್ ತೆಗೆಸಿ. ಗ್ಲಾಸಿ ಬೇಡ, ಮ್ಯಾಟ್ ಹೇಳಿ. ಸ್ಪರ್ಧೆಗೆ ಕಳಿಸುವುದಾದರೆ ನೇಚರ್ ವಿಭಾಗ ಬಿಟ್ಟು ಪಿಕ್ಟೋರಿಯಲ್ (ಚಿತ್ರದ ಚೆಲುವು ನೋಡುವ) ಅಥವಾ ಓಪನ್ ವಿಭಾಗಕ್ಕೆ ಕಳಿಸಿ. ಬೇರೆ ಬೇರೆ ಹೊತ್ತಿನ ತುಣುಕು ಜೋಡಿಸಿದ್ದನ್ನು ನೇಚರ್‌ನವರು ತೆಗೆದುಕೊಳ್ಳುವುದಿಲ್ಲ.